ಎದುರು ಮೆಟ್ಟಿಲಿನ ಮಾಲೀಕರು

ನಮ್ಮೂರಿನಲ್ಲಿ ಯಾರಿಗೂ ಸ್ವಂತ ಮನೆಯಲ್ಲಿ ಒಲೆ ಹತ್ತುವುದಿಲ್ಲ. ಸೌದೆಯ ಕಾಲದಲ್ಲೂ ಹತ್ತುತ್ತಿರಲಿಲ್ಲವಂತೆ, ಗ್ಯಾಸು ಬಂದ ಮೇಲೂ ಹತ್ತಲಿಲ್ಲ, ಕರೆಂಟಿನ ಒಲೆ ತಂದಿಟ್ಟವರ ಮನೆಯಲ್ಲಿ ಅದು ತಣ್ಣಗೆ ಕೂತೇ ಇತ್ತು. ಮನೆಯನ್ನು ಹೆಂಡತಿಯ ಹೆಸರಿಗೆ, ಮಗಳ ಹೆಸರಿಗೆ ಬರೆದು ನೋಡಿದವರೂ ಇದ್ದಾರೆ. ಒಲೆ ಮೋಸ ಹೋಗಲಿಲ್ಲ. ಹಾಗಾಗಿ ಇಲ್ಲಿ ಮಾಲೀಕರೆಲ್ಲ ಬಾಡಿಗೆಯವರೇ. ಕೋಟೆ ಬೀದಿಯಲ್ಲಿರುವ ನನ್ನ ಮನೆಯಲ್ಲಿ ಅಂಚೆ ಕಚೇರಿಯ ಗುಮಾಸ್ತರ ಸಂಸಾರವಿದೆ. ನಾನಿರುವುದು ದರ್ಜಿ ಬಶೀರ್ ಸಾಬರ ಮನೆಯಲ್ಲಿ. ಬಶೀರ್ ಸಾಬರು ಇರುವುದು ಕೆರೆ ಹಿಂದಿನ ಇನ್ನೊಬ್ಬರ ಮನೆಯಲ್ಲಿ. ನನ್ನ ಬಚ್ಚಲ ಗೋಡೆ ಒಸರಿದರೆ ಸಾಬರು ಮರುದಿನವೇ ಗಾರೆಯವನನ್ನು ಕರೆತರುತ್ತಾರೆ, ಏಕೆಂದರೆ ಅವರ ಮನೆಯ ಹಂಚು ಒಡೆದಾಗ ಅವರೂ ಇನ್ನೊಬ್ಬರ ಬಾಗಿಲಿಗೆ ಹೋಗಬೇಕಲ್ಲ.

ಹೀಗೆ ಮನೆಗೆ ಮನೆ ಹೊಂದಿಸುವುದು ನನ್ನ ಕೆಲಸ. ಅಪ್ಪನಿಂದ ಕಲಿತದ್ದು. ಒಬ್ಬರ ಮನೆಯಲ್ಲಿ ಮದುವೆಯಾಗಿ ಜಾಗ ಸಾಲದಾದರೆ ಅವರೊಬ್ಬರನ್ನೇ ಎಬ್ಬಿಸಿ ಬೇರೆಡೆ ಕೂರಿಸಲು ಆಗುವುದಿಲ್ಲ. ನಾಲ್ಕೈದು ಸಂಸಾರಗಳು ಒಂದೇ ದಿನ ಒಂದೊಂದು ಮನೆ ಮುಂದಕ್ಕೆ ಸರಿಯಬೇಕು. ಯಾರಿಗೆ ಮೆಟ್ಟಿಲು ಹತ್ತಲಾಗದು, ಯಾರಿಗೆ ದನ ಕಟ್ಟಲು ಹಿತ್ತಲು ಬೇಕು, ಯಾರ ಜೊತೆ ಯಾರಿಗೆ ಮಾತಿಲ್ಲ, ಎಲ್ಲ ನನ್ನ ತಲೆಯಲ್ಲಿರುತ್ತದೆ. ಯಾರಾದರೂ ಮನೆ ಕೇಳಿಕೊಂಡು ಬಂದರೆ ನನ್ನ ಮೊದಲ ಪ್ರಶ್ನೆ, ನಿಮ್ಮದು ಯಾವ ಮನೆ ಎಂಬುದು. ಕೊಡಲು ಮನೆಯೇ ಇಲ್ಲದವರಿಗೆ ನಾನು ಏನೂ ಮಾಡುತ್ತಿರಲಿಲ್ಲ. ಅಂಥವರು ಸಾಮಿಲ್ಲಿನ ಹಿಂದೆ ತಗಡಿನ ಶೆಡ್ಡುಗಳಲ್ಲಿ ಇರುತ್ತಿದ್ದರು.

ದೇವೀರಮ್ಮ ಹಾಗೆ ಇದ್ದವಳು. ಬಸ್ ನಿಲ್ದಾಣದಲ್ಲಿ ಇಡ್ಲಿ ಮಾರುತ್ತಿದ್ದಳು. ಗಂಡ ಬಿಟ್ಟು ಹೋದ ಮೇಲೆ ಹಾಸಿಗೆ ಹಿಡಿದ ಅತ್ತೆಯನ್ನು ಅವಳೇ ನೋಡಿಕೊಂಡಿದ್ದಳು. ಶೆಡ್ಡಿನಲ್ಲಿ ಮರದ ಹೊಟ್ಟು ಹಾರಿಬಂದು ಹಿಟ್ಟಿಗೆ ಬೀಳುತ್ತದೆ, ಅತ್ತೆಗೆ ಉಬ್ಬಸ, ಒಂದೇ ಒಂದು ಕೋಣೆ ಇದ್ದರೆ ಸಾಕು ಎಂದು ಮೂರು ಸಲ ನನ್ನ ಬಳಿ ಬಂದಿದ್ದಳು. ಮೂರು ಸಲವೂ ನಾನು ಅದೇ ಪ್ರಶ್ನೆ ಕೇಳಿದೆ. ಮೂರನೆಯ ಸಲ ಅವಳು ನಿಂತಲ್ಲಿಂದಲೇ ತಿರುಗಿ ಹೋದಳು.

ಊರ ನಡುವೆ ಒಂದು ದೊಡ್ಡ ವ್ಯಾಪಾರದ ಕಾಂಪ್ಲೆಕ್ಸ್ ಇತ್ತು. ಅಂಗಡಿಗೆ ಒಲೆ ಬೇಡ, ಹಾಗಾಗಿ ಕೈಯಲ್ಲಿ ನಾಲ್ಕು ಕಾಸಿದ್ದವರೆಲ್ಲ ಒಂದು ಕಾಲದಲ್ಲಿ ಅಲ್ಲಿ ಒಂದೊಂದು ಮಳಿಗೆ ಕೊಂಡಿದ್ದರು. ಮಗಳ ಮದುವೆಗೆ, ಮುಪ್ಪಿಗೆ ಎಂದೆಲ್ಲ ಲೆಕ್ಕ ಹಾಕಿದ್ದರು. ಜನ ಬರಬರುತ್ತ ಸೀರೆಯಿಂದ ಹಿಡಿದು ಸೋಪಿನವರೆಗೆ ಎಲ್ಲವನ್ನೂ ಫೋನಿನಲ್ಲೇ ತರಿಸಿಕೊಳ್ಳತೊಡಗಿದರು. ಮಳಿಗೆಗಳು ಒಂದೊಂದಾಗಿ ಬಾಗಿಲು ಹಾಕಿದವು. ಕೊನೆಗೆ ಒಂದು ಜೆರಾಕ್ಸ್ ಅಂಗಡಿ ಬಿಟ್ಟರೆ ಉಳಿದದ್ದೆಲ್ಲ ‘ಬಾಡಿಗೆಗೆ ಇದೆ’ ಎಂಬ ಬೋರ್ಡುಗಳೇ. ಹೊರಗಿನ ಕಂಪನಿಯೊಂದು ಇಡೀ ಕಾಂಪ್ಲೆಕ್ಸನ್ನು ಕೊಳ್ಳುತ್ತೇವೆ ಎಂದಾಗ ಮಳಿಗೆಯವರು ಖುಷಿಯಿಂದಲೇ ಮಾರಿದರು. ಕಂಪನಿ ಷಟರುಗಳನ್ನು ಕಿತ್ತು, ಗೋಡೆ ಎಬ್ಬಿಸಿ, ಮೇಲೆ ಎರಡು ಅಂತಸ್ತು ಸೇರಿಸಿ ಬಾಡಿಗೆಗೆಂದೇ ನೂರೆಂಟು ಮನೆ ಮಾಡಿತು. ಮಾರಾಟಕ್ಕೆ ಒಂದೂ ಇಲ್ಲ. ಊರವರು ಅದನ್ನು ‘ನೂರೆಂಟು’ ಎಂದೇ ಕರೆಯತೊಡಗಿದರು.

ಅಲ್ಲಿ ಮನೆ ಬೇಕಾದರೆ ನಿಮ್ಮದು ಯಾವ ಮನೆ ಎಂದು ಯಾರೂ ಕೇಳುತ್ತಿರಲಿಲ್ಲ. ಗುರುತಿನ ಚೀಟಿ ಕೊಟ್ಟು ತಿಂಗಳ ಬಾಡಿಗೆ ಕಟ್ಟಿದರೆ ಸಾಕು. ಆಸ್ಪತ್ರೆಯ ನರ್ಸುಗಳು, ಬೇರೆ ಊರಿಂದ ಬಂದ ಕಾಲೇಜಿನವರು, ಶೆಡ್ಡಿನ ಜನರಲ್ಲಿ ಕೆಲವರು ಹೋದರು. ದೇವೀರಮ್ಮ ಅತ್ತೆಯನ್ನು ಆಟೋದಲ್ಲಿ ಕೂರಿಸಿಕೊಂಡು ನಮ್ಮ ಬೀದಿಯ ಮೇಲೆಯೇ ಹೋದಳು. ನಾನು ಜಗಲಿಯಲ್ಲಿದ್ದೆ. ಅವಳು ನನ್ನ ಕಡೆ ನೋಡಲಿಲ್ಲ, ಬೇಕೆಂದೇ ನೋಡಲಿಲ್ಲ ಎಂದು ನನಗೆ ಗೊತ್ತಾಯಿತು. ಆಮೇಲೆ ಊರಿನ ಹಳಬರೂ ಕೆಲವರು ಅಲ್ಲಿಗೆ ಹೊರಟರು. ಲಿಫ್ಟು ಇದೆ, ನಲ್ಲಿಯಲ್ಲಿ ನೀರು ನಿಲ್ಲುವುದಿಲ್ಲ ಎಂಬ ಕಾರಣಕ್ಕೆ. ವಾರಕ್ಕೆ ಹತ್ತು ಜನ ಬರುತ್ತಿದ್ದ ನನ್ನ ಜಗಲಿಗೆ ಇಬ್ಬರು ಬಂದರೆ ಹೆಚ್ಚು ಎಂಬಂತಾಯಿತು. ನನಗೆ ಹೊಟ್ಟೆ ಉರಿಯಿತು. ಅದನ್ನು ಮುಚ್ಚಿಟ್ಟು ಈ ಕಥೆ ಹೇಳಲಾಗದು.

ನೂರೆಂಟರ ಮ್ಯಾನೇಜರು ವಿನುತಾ ಎಂಬ ಮೂವತ್ತರ ಆಸುಪಾಸಿನ ಹೆಣ್ಣುಮಗಳು. ಊರಿಗೆ ಹೊಸಬಳು. ಒಲೆಯ ವಿಷಯವನ್ನು ಅವಳು ಹಿರಿಯರ ಮಾತೆಂದು ನಕ್ಕು ಬಿಟ್ಟಿದ್ದಳು. ಕಟ್ಟಡಕ್ಕೆ ಒಂದು ವರ್ಷ ತುಂಬಿದಾಗ ಅವಳೊಂದು ಯೋಜನೆ ತಂದಳು. ಬಾಡಿಗೆಯವರು ವರ್ಷ ವರ್ಷವೂ ಬಿಟ್ಟು ಹೋಗದಿರಲಿ, ಕಟ್ಟಡ ತಮ್ಮದೆಂಬ ಪ್ರೀತಿ ಬರಲಿ ಎಂದು, ಅಲ್ಲಿರುವ ಪ್ರತಿಯೊಂದು ಮನೆಗೂ ಕಟ್ಟಡದ ಒಂದು ಪಾಲು ಪತ್ರ ಉಡುಗೊರೆ. ಲಾಭದಲ್ಲಿ ಚೂರು ಅವರಿಗೂ ಬರುತ್ತದೆ. ಪತ್ರ ಹಂಚುವ ದಿನದ ಆಮಂತ್ರಣದ ಕಾಗದ ಬಶೀರ್ ಸಾಬರ ಅಂಗಡಿಗೂ ಬಂದಿತ್ತು. ಅವರು ಅದನ್ನು ನನಗೆ ತೋರಿಸಿ, “ರುದ್ರಾಣಮ್ಮ, ಪಾಲು ಅಂದ್ರೆ ಮಾಲೀಕತ್ವ ಅಲ್ವಾ? ಒಲೆಗೇನಾದ್ರೂ ಆಗುತ್ತಾ?” ಎಂದು ಕೇಳಿದರು.

ಆಗುತ್ತದೆ ಎಂದು ನನಗೆ ಗೊತ್ತಿತ್ತು. ಅಪ್ಪನ ಕಾಲದಲ್ಲಿ ಅಣ್ಣತಮ್ಮಂದಿರಿಬ್ಬರ ನಡುವೆ ಒಂದು ಗೋಡೆಯ ಅರ್ಧ ಪಾಲು ಬರೆದುಕೊಂಡದ್ದಕ್ಕೇ ಒಬ್ಬರ ಮನೆಯ ಒಲೆ ಆರಿದ್ದನ್ನು ಕಣ್ಣಾರೆ ಕಂಡಿದ್ದೆ. ಅಂಥದ್ದು ನೆನಪಿದ್ದವರು ಊರಲ್ಲಿ ನಾನೊಬ್ಬಳೇ ಇರಬೇಕು. ಉಳಿದವರಿಗೆ ಮನೆ ಎಂದರೆ ಗೋಡೆ, ಬಾಗಿಲು. ಒಂದು ಹಾಳೆಯೂ ಮನೆಯಾಗುತ್ತದೆ ಎಂದು ಯಾರಿಗೂ ಹೊಳೆದಿರಲಿಲ್ಲ. “ಕಾಗದ ತಾನೇ ಸಾಬರೇ” ಎಂದೆ. ಅಷ್ಟು ಹೇಳಿ ಒಳಗೆ ಹೋಗಿ ಅಕ್ಕಿ ಆರಿಸುತ್ತ ಕೂತೆ.

ಭಾನುವಾರ ಪತ್ರ ಹಂಚಿದರು. ಸೋಮವಾರ ಬೆಳಿಗ್ಗೆ ನೂರೆಂಟು ಮನೆಗಳಲ್ಲಿ ಒಂದರಲ್ಲೂ ಒಲೆ ಹತ್ತಲಿಲ್ಲ.

ನಾನು ಹೋಗುವ ಹೊತ್ತಿಗೆ ಬಿಸಿಲು ಏರಿತ್ತು. ಗ್ಯಾಸಿನವನು ಸಿಲಿಂಡರುಗಳನ್ನು ತಿರುಗಿಸಿ ತಿರುಗಿಸಿ ನೋಡಿ ಸೋತು ಕೂತಿದ್ದ. ಜನ ಒಲೆಗಳನ್ನು ಹೊತ್ತು ಕೆಳಗೆ ತಂದಿದ್ದರು. ಕಾಂಪೌಂಡಿನ ಒಳಗೆ ಎಲ್ಲಿಟ್ಟರೂ ಹತ್ತಲಿಲ್ಲ, ಗೇಟು ದಾಟಿ ರಸ್ತೆಗಿಟ್ಟ ಕೂಡಲೇ ಹತ್ತಿತು. ಹಾಗಾಗಿ ರಸ್ತೆಯ ಅಂಚಿಗೆ ಸಾಲಾಗಿ ಒಲೆಗಳು. ಒಬ್ಬಳು ಮಗುವಿಗೆ ಹಾಲು ಕಾಯಿಸುತ್ತಿದ್ದಳು, ಅವಳ ಪಕ್ಕ ಕಾಲೇಜಿನ ಮೇಷ್ಟ್ರು ಉಪ್ಪಿಟ್ಟಿಗೆ ಒಗ್ಗರಣೆ ಹಾಕುತ್ತಿದ್ದರು. ಬಸ್ಸಿನವನು ಹಾರ್ನ್ ಹೊಡೆದು, ಆಮೇಲೆ ಇಳಿದು ಬಂದು, ಪಾತ್ರೆ ಸರಿಸಲು ತಾನೂ ಕೈಜೋಡಿಸಿದ. ವಿನುತಾ ಫೋನು ಕಿವಿಗಿಟ್ಟುಕೊಂಡು ಅತ್ತಿಂದಿತ್ತ ಓಡಾಡುತ್ತಿದ್ದಳು. ಅವಳ ಮುಖ ನೋಡಿದರೆ ಅಯ್ಯೋ ಅನ್ನಿಸುತ್ತಿತ್ತು. ಒಳ್ಳೆಯದನ್ನೇ ಮಾಡಲು ಹೊರಟಿದ್ದಳಲ್ಲ.

ದೇವೀರಮ್ಮ ರಸ್ತೆಯಲ್ಲಿ ಇರಲಿಲ್ಲ. ಎರಡನೇ ಮಹಡಿಗೆ ಹತ್ತಿ ಹೋದೆ. ಬಾಗಿಲು ತೆರೆದಿತ್ತು. ಎರಡು ದೊಡ್ಡ ಪಾತ್ರೆ ತುಂಬ ಇಡ್ಲಿ ಹಿಟ್ಟು ಉಬ್ಬಿ ಅಂಚಿಗೆ ಬಂದಿತ್ತು. ಅವಳು ಅದರ ಮುಂದೆ ಕೂತಿದ್ದಳು.

“ರಸ್ತೆಗೆ ಒಯ್ಯಬಹುದಲ್ಲ” ಎಂದೆ.

“ಅತ್ತೆ ಒಬ್ರೇ ಆಯ್ತಾರೆ. ಒಂದೊಂದು ಘಳಿಗೆಗೂ ಎತ್ತಿ ಕೂರಿಸ್ಬೇಕು. ಅಲ್ಲಿಂದ ಇಲ್ಲಿಗೆ ಎಷ್ಟು ಸಲ ಓಡಾಡ್ಲಿ?” ಎಂದಳು. ನಾನು ಯಾಕೆ ಬಂದೆ ಎಂದು ಕೇಳಲಿಲ್ಲ.

ನಾನು ಒಲೆಯ ಬಳಿ ಹೋಗಿ ಕಡ್ಡಿ ಗೀರಿದೆ. ನೀಲಿ ಉರಿ ಬುಸ್ಸೆಂದು ಎದ್ದಿತು. ನನ್ನ ಬಳಿ ಆ ಕಟ್ಟಡದ ಕಾಗದವಿಲ್ಲ, ಹಾಗಾಗಿ ನನ್ನ ಕೈಗೆ ಅದು ಉರಿಯಲೇಬೇಕಿತ್ತು. ದೇವೀರಮ್ಮ ಎದ್ದು ಬಂದು ಪಾತ್ರೆ ಇಡಲು ಕೈ ಚಾಚಿದ್ದೇ ತಡ, ಆರಿತು. ಮತ್ತೆ ಹಚ್ಚಿದೆ. ಅವಳು ಹಿಂದೆ ಸರಿದು ನಿಂತಳು.

“ನೀವೇ ಬೇಯಿಸ್ಬೇಕು ಅಂತ ಕಾಣ್ತದೆ” ಎಂದಳು.

ನಾನು ಐವತ್ತನಾಲ್ಕು ವರ್ಷದವಳು, ನನ್ನೊಬ್ಬಳಿಗೇ ಅಡುಗೆ ಮಾಡಿಕೊಂಡು ಬಂದವಳು. ಇನ್ನೂರು ಇಡ್ಲಿ ಬೇಯಿಸಿ ಗೊತ್ತಿಲ್ಲ. ಮೊದಲ ದಿನ ಅರ್ಧಕ್ಕರ್ಧ ತಟ್ಟೆಗೆ ಅಂಟಿಕೊಂಡವು. ಅವಳು ಬಾಗಿಲ ಬಳಿ ನಿಂತು ಹೇಳುವುದು, ನಾನು ಮಾಡುವುದು. “ಬಟ್ಟೆ ಒದ್ದೆ ಮಾಡಿ ಹಿಂಡಿ. ಇಷ್ಟು ಗಟ್ಟಿಯಾಗಿ ಅಲ್ಲ. ಮುಚ್ಚಳ ತೆಗೀಬೇಡಿ ಈಗ್ಲೇ.” ಮರುದಿನ ಐದು ಗಂಟೆಗೆ ನಾನೇ ಹೋದೆ. ಅದರ ಮರುದಿನವೂ. ನನ್ನನ್ನು ನೋಡಿ ಬಶೀರ್ ಸಾಬರ ಹೆಂಡತಿ ಮೊದಲ ಮಹಡಿಯ ಬಾಣಂತಿಯ ಮನೆಗೆ ಬಂದರು. ಕೋಟೆ ಬೀದಿಯಿಂದ, ಕೆರೆ ಹಿಂದಿನಿಂದ ಒಬ್ಬೊಬ್ಬರಾಗಿ ಬಂದು ಒಂದೊಂದು ಮನೆಯ ಒಲೆ ಹಿಡಿದರು. ರಸ್ತೆಯ ಒಲೆಗಳು ಕಡಿಮೆಯಾದವು. ಅಲ್ಲಿಯವರೆಗೆ ಆ ಕಟ್ಟಡದ ಮೆಟ್ಟಿಲನ್ನೇ ಹತ್ತದಿದ್ದ ಜನ ಅವರು.

ನಾಲ್ಕನೆಯ ದಿನವೋ ಐದನೆಯ ದಿನವೋ ತಟ್ಟೆಗೆ ಹಿಟ್ಟು ಹುಯ್ಯುತ್ತ ನಾನು ಹೇಳಿದೆ. “ದೇವೀರಮ್ಮ, ಪತ್ರ ಕೊಟ್ರೆ ಒಲೆ ಆರುತ್ತೆ ಅಂತ ನಂಗೆ ಮೊದ್ಲೇ ಗೊತ್ತಿತ್ತು. ಹೇಳ್ಲಿಲ್ಲ.”

ಅವಳು ಚಟ್ನಿಗೆ ತೆಂಗಿನಕಾಯಿ ತುರಿಯುತ್ತಿದ್ದಳು. ತುರಿಯುವುದನ್ನು ನಿಲ್ಲಿಸಿದಳು. “ಯಾಕೆ?”

“ನೂರೆಂಟು ಬಿದ್ದು ಹೋಗ್ಲಿ ಅಂತ.”

ಒಳಗೆ ಅತ್ತೆ ಕೆಮ್ಮಿದರು, ಅವಳು ಹೋಗಿ ಎತ್ತಿ ಕೂರಿಸಿ ಬಂದಳು. ಮತ್ತೆ ತುರಿಯಲು ಕೂತು, “ಶೆಡ್ಡಿಂದ ನಿಮ್ ಮನೇಗೆ ಮೂರು ಸಲ ನಡ್ಕೊಂಡು ಬಂದಿದ್ದೆ. ಒಂದು ಸಲಾನೂ ನೀವು ಕೂತ್ಕೊ ಅನ್ನಿಲ್ಲ. ಇದಕ್ಕಿಂತ ಅದೇ ನಂಗೆ ಹೆಚ್ಚು ನೆಪ್ಪೈತೆ” ಎಂದಳು.

“ತಪ್ಪಾಯ್ತು” ಎಂದೆ.

“ಹಬೆ ಬತ್ತಾ ಐತೆ, ನೋಡ್ಕೊಳ್ಳಿ” ಎಂದಳು. ಅಂದು ಹೊರಡುವಾಗ ಒಂದು ಸಣ್ಣ ಡಬ್ಬಿಗೆ ಆರು ಇಡ್ಲಿ ಹಾಕಿ, ಚಟ್ನಿ ಮೇಲಿಟ್ಟು, ಕೈಗೆ ಕೊಡದೆ ಬಾಗಿಲ ಪಕ್ಕದ ಸ್ಟೂಲಿನ ಮೇಲಿಟ್ಟಳು. ನಾನು ತೆಗೆದುಕೊಂಡೆ.

ಒಂಬತ್ತನೆಯ ದಿನ ವಿನುತಾ ಅಂಗಳದಲ್ಲಿ ಮೇಜು ಹಾಕಿಸಿದಳು. ಕಂಪನಿಯ ದೊಡ್ಡ ಕಚೇರಿ ಒಪ್ಪಿದೆ, ಎಲ್ಲರೂ ಸಹಿ ಹಾಕಿ ಪಾಲು ಪತ್ರ ಹಿಂತಿರುಗಿಸಿದರೆ ಅಂದೇ ಸಂಜೆ ಒಲೆ ಹತ್ತುತ್ತದೆ ಎಂದಳು. ಒಲೆಯ ವಿಷಯವನ್ನು ಈಗ ಅವಳೂ ನಂಬಿದ್ದಳು. ಜನ ಸಾಲು ನಿಂತರು. ನಾಲ್ಕು ಮಂದಿ ಸಹಿ ಹಾಕಿದರು. ಐದನೆಯವಳು ದೇವೀರಮ್ಮ. ಪತ್ರವನ್ನು ಪ್ಲಾಸ್ಟಿಕ್ ಚೀಲದಲ್ಲಿ ಮಡಿಸಿಟ್ಟುಕೊಂಡು ತಂದಿದ್ದಳು. ಹೊರಗೆ ತೆಗೆದು ಮೇಜಿನ ಮೇಲೆ ಹರಡಿ, ಅಂಗೈಯಿಂದ ಸವರಿ, ಮತ್ತೆ ಮಡಿಸಿದಳು.

“ನಾ ಕೊಡಾಕಿಲ್ಲ ಮೇಡಂ.”

“ದೇವೀರಮ್ಮ, ಇದು ತುಂಬಾ ಸಣ್ಣ ಪಾಲು. ವರ್ಷಕ್ಕೆ ನಿಮಗೆ ಒಂದು ಸೀರೆಯಷ್ಟೂ ಬರಲ್ಲ” ಎಂದಳು ವಿನುತಾ.

“ಬರದೇ ಇದ್ರೂ ಆಯ್ತು. ಇದ್ರಲ್ಲಿ ನನ್ನ ಹೆಸ್ರೈತೆ. ಮಾಲೀಕರು ಅಂತ ಬರೆದು ಅದ್ರ ಮುಂದೆ ದೇವೀರಮ್ಮ ಅಂತ ಐತೆ. ನಮ್ ಮೇಷ್ಟ್ರು ಓದಿ ಹೇಳಿದ್ರು. ಇಂಥ ಕಾಗ್ದ ನಮ್ಮವ್ವಂಗೆ ಇರ್ಲಿಲ್ಲ, ಅವರವ್ವಂಗೆ ಇರ್ಲಿಲ್ಲ.”

“ಒಲೆ ಇಲ್ಲದೆ ಹೇಗೆ ಮಾಡ್ತೀರಿ?”

“ರುದ್ರಾಣಮ್ಮೋರು ಹಚ್ತಾರೆ.”

“ಎಷ್ಟು ದಿನ?”

ದೇವೀರಮ್ಮ ತಿರುಗಿ ನನ್ನನ್ನು ನೋಡಿದಳು. ಸಾಲಿನಲ್ಲಿದ್ದವರೆಲ್ಲ ನೋಡಿದರು. ಸಾಲು ಅಲ್ಲೇ ನಿಂತುಬಿಟ್ಟಿತು. ಹಿಂದೆ ಯಾರೋ ತಮ್ಮ ಪತ್ರವನ್ನು ಮೆಲ್ಲನೆ ಜೇಬಿಗೆ ಸೇರಿಸುವುದು ಕಾಣಿಸಿತು. ವಿನುತಾ ಕುರ್ಚಿಗೆ ಒರಗಿ ಕಣ್ಣು ಮುಚ್ಚಿದಳು. ಒಲೆ ಬೇಕೆಂದರೆ ಹೆಸರು ಬಿಡಬೇಕು, ಹೆಸರು ಬೇಕೆಂದರೆ ಒಲೆ ಬಿಡಬೇಕು. ದಿನವೂ ಬೆಳಗಿನ ಓಡಾಟಕ್ಕೆ ನನಗೆ ಮಂಡಿ ನೋವು ಆಗಲೇ ಶುರುವಾಗಿತ್ತು.

ಆದರೆ ಅವರೆಲ್ಲ ಹಾಗೆ ನಿಂತಿರುವುದನ್ನು ನೋಡುತ್ತಿದ್ದಾಗ ನನಗೆ ನನ್ನ ಕೆಲಸದ್ದೇ ಚಿತ್ರ ಕಾಣತೊಡಗಿತು. ಇವರು ತಮ್ಮ ಮನೆಯಲ್ಲೇ ಕೂತಿದ್ದಾರೆ, ಅದೇ ತೊಂದರೆ. ಇಂಥ ತೊಂದರೆಯನ್ನೇ ತಾನೇ ನಾನು ಮೂವತ್ತು ವರ್ಷದಿಂದ ಬಿಡಿಸುತ್ತಿರುವುದು. ಕಟ್ಟಡವನ್ನು ತಲೆಯೆತ್ತಿ ನೋಡಿದೆ. ಕಾಂಪ್ಲೆಕ್ಸ್ ಆಗಿದ್ದ ಕಾಲದಲ್ಲೇ ಅದು ಎರಡು ಭಾಗ. ಮೂಡಲಿಗೊಂದು ಮೆಟ್ಟಿಲು, ಪಡುವಲಿಗೊಂದು ಮೆಟ್ಟಿಲು, ನಡುವೆ ಲಾರಿ ನುಗ್ಗುವಷ್ಟು ದಾರಿ, ಮೇಲೊಂದು ತಗಡಿನ ಚಾವಣಿ. ಇಬ್ಬರು ಪಾಲುದಾರರು ಬೇರೆ ಬೇರೆ ಕಟ್ಟಿಸಿದ್ದು.

“ನೋಡಮ್ಮ,” ಎಂದೆ ವಿನುತಾಗೆ, “ಈ ಎರಡು ಭಾಗಕ್ಕೂ ಖಾತೆ ಒಂದೇನಾ, ಬೇರೆ ಬೇರೆನಾ?”

“ಮೊದಲು ಬೇರೆ ಇತ್ತು. ನಾವು ಕೊಂಡಾಗ ಒಂದು ಮಾಡಿಸಿದ್ವಿ. ಯಾಕೆ?”

“ಮತ್ತೆ ಬೇರೆ ಮಾಡಿಸಿ. ಮೂಡಲ ಮೆಟ್ಟಿಲಿನವರ ಪಾಲು ಪಡುವಲ ಭಾಗದಲ್ಲಿರಲಿ, ಪಡುವಲದವರದ್ದು ಮೂಡಲಲ್ಲಿ. ಅವರ ಮನೇಲಿ ಇವರು, ಇವರ ಮನೇಲಿ ಅವರು. ಊರಲ್ಲಿ ಎಲ್ಲರೂ ಇರೋದು ಹಾಗೇ ಅಲ್ವಾ?”

ಸಾಲಿನ ಹಿಂದೆ ನಿಂತು ನೋಡುತ್ತಿದ್ದ ಬಶೀರ್ ಸಾಬರು, “ಅದು ಹತ್ತುತ್ತೆ” ಎಂದರು. ಅವರು ಸುಮ್ಮನೆ ಮಾತಾಡುವವರಲ್ಲ.

ದೊಡ್ಡ ಕಚೇರಿ ಸುಲಭವಾಗಿ ಒಪ್ಪಲಿಲ್ಲ. ದುಡ್ಡು ಹಾಕಿದವರು ಏನನ್ನುತ್ತಾರೆ, ಎರಡು ಖಾತೆಗೆ ಎರಡು ಲೆಕ್ಕಪತ್ರ, ಇಷ್ಟೆಲ್ಲ ಒಂದು ಒಲೆಗಾಗಿಯೇ ಎಂದರಂತೆ. ವಿನುತಾ ಎರಡು ಸಲ ರೈಲು ಹತ್ತಿ ಹೋಗಿ ಬಂದಳು. ಎರಡನೆಯ ಸಲ ಅವರಿಗೆ ಹೇಳಿದ್ದನ್ನು ನನಗೂ ಹೇಳಿದಳು. “ಖಾಲಿ ಅಂಗಡಿಗಳು ಹೇಗಿರ್ತವೆ ಅಂತ ಈ ಊರಿಗೆ ಗೊತ್ತು, ಖಾಲಿ ಮನೆಗಳನ್ನೂ ತೋರಿಸಬೇಕಾ ಅಂತ ಕೇಳಿದೆ. ನಾಳೆ ನನ್ನ ಕೆಲಸ ಹೋದ್ರೂ ಹೋಗಬಹುದು.” ಹೋಗಲಿಲ್ಲ. ಮೂರನೆಯ ವಾರ ಒಪ್ಪಿಗೆ ಬಂತು. ಅಷ್ಟೂ ದಿನ ನಾವು ಒಲೆ ಹಿಡಿದೆವು. ಅಷ್ಟರಲ್ಲಿ ನನ್ನ ಇಡ್ಲಿ ತಟ್ಟೆಗೆ ಅಂಟುವುದು ನಿಂತಿತ್ತು. ತನ್ನ ಗಿರಾಕಿಗಳಿಗೆ ವ್ಯತ್ಯಾಸ ಗೊತ್ತಾಗುತ್ತಿಲ್ಲ ಎಂದು ದೇವೀರಮ್ಮ ಒಮ್ಮೆ ಹೇಳಿದಳು. ನನ್ನನ್ನು ಅವಳು ಹೊಗಳಿದ್ದು ಅಷ್ಟೇ.

ನೋಂದಣಿ ಕಚೇರಿಯಲ್ಲಿ ಕೊನೆಯ ಸಹಿ ಬಿದ್ದದ್ದು ಒಂದು ಶುಕ್ರವಾರ ಮಧ್ಯಾಹ್ನ ಮೂರು ಗಂಟೆಗೆ. ವಿನುತಾ ಫೋನಿನಲ್ಲಿ ‘ಆಯ್ತು’ ಎಂದಳು. ನಾನು ದೇವೀರಮ್ಮನ ಅಡುಗೆಮನೆಯಲ್ಲಿದ್ದೆ. ಕಡ್ಡಿ ಪೆಟ್ಟಿಗೆಯನ್ನು ಅವಳ ಕೈಗೆ ಕೊಟ್ಟೆ. ಅವಳು ಕೈ ಒರೆಸಿಕೊಂಡು ಗೀರಿದಳು. ಹತ್ತಿತು. ಅವಳು ಅದನ್ನೇ ನೋಡುತ್ತ ನಿಂತಳು. ಆರುತ್ತದೇನೋ ಎಂದು ಇಬ್ಬರಿಗೂ ಭಯ. ಆರಲಿಲ್ಲ. ಕಿಟಕಿಯಾಚೆ ಎದುರು ಭಾಗದಲ್ಲಿ ಯಾರೋ ಒಗ್ಗರಣೆ ಹಾಕಿದ ಸದ್ದು ಕೇಳಿತು. ಆಮೇಲೆ ಮೇಲಿನ ಮಹಡಿಯಲ್ಲಿ ಇನ್ನೊಂದು. ದೇವೀರಮ್ಮ ಮೊದಲು ಅತ್ತೆಗೆ ಗಂಜಿಗೆ ಎಸರಿಟ್ಟಳು. ಆಮೇಲೆ ಒಂದು ಚಾಪೆ ತಂದು ಹಾಸಿ, “ಕೂತ್ಕೊಳ್ಳಿ, ಕಾಪಿ ಮಾಡ್ತೀನಿ” ಎಂದಳು. ಅವಳು ಮಾಡಿಕೊಟ್ಟದ್ದನ್ನು ನಾನು ಅವಳ ಮನೆಯಲ್ಲಿ ಕೂತು ಕುಡಿದದ್ದು ಅದೇ ಮೊದಲು.

ಆಮೇಲಿನ ದಿನಗಳಲ್ಲಿ ನನಗೆ ಕೆಲಸ ಬಂತು. ಮೂಡಲ ಮೆಟ್ಟಿಲಿನವರು ಮನೆ ಬದಲಿಸಿ ಪಡುವಲಕ್ಕೆ ಹೋಗಬೇಕೆಂದರೆ ಅವರ ಪಾಲು ಪತ್ರವನ್ನು ಅದಲುಬದಲು ಮಾಡಿಸಬೇಕು, ಜೋಡಿ ಹುಡುಕಬೇಕು. ವಿನುತಾ ನನಗೆ ಕೆಳಗೊಂದು ಕೋಣೆ ಕೊಟ್ಟಳು. ನೂರೆಂಟಕ್ಕೆ ಹೋದವರು ಬಿಟ್ಟ ಹಳೆಯ ಮನೆಗಳು ಊರಲ್ಲಿ ಹದಿನೇಳು ಖಾಲಿ ಬಿದ್ದಿದ್ದವು. ಅವುಗಳ ಮಾಲೀಕರನ್ನು ಒಬ್ಬೊಬ್ಬರನ್ನಾಗಿ ಒಪ್ಪಿಸಿ ಶೆಡ್ಡಿನಲ್ಲಿ ಉಳಿದಿದ್ದ ಸಂಸಾರಗಳನ್ನು ಕೂರಿಸಿದೆ. ಇಬ್ಬರು ಒಪ್ಪಲಿಲ್ಲ. ಉಳಿದವರು ಒಪ್ಪಿದರು. ಮರು ವರ್ಷದ ಸಭೆಯಲ್ಲಿ ದೊಡ್ಡ ಕಚೇರಿಯವರು ಬಾಡಿಗೆ ಏರಿಸೋಣವೇ ಎಂದು ಪಾಲುದಾರರನ್ನು ಕೇಳಿದರು. ಮೂಡಲದವರು ಪಡುವಲದವರ ಮುಖ ನೋಡಿದರು, ಪಡುವಲದವರು ಮೂಡಲದವರ ಮುಖ ನೋಡಿದರು. ಲಿಫ್ಟಿನ ಖರ್ಚು ಎಷ್ಟೋ ಅಷ್ಟನ್ನು ಮಾತ್ರ ಏರಿಸಲು ಕೈಗಳು ಎದ್ದವು.

ಆ ಸಭೆ ಮುಗಿದ ವಾರ ದೇವೀರಮ್ಮ ಒಗೆದ ಸೀರೆ ಉಟ್ಟುಕೊಂಡು ನನ್ನ ಕೋಣೆಗೆ ಬಂದಳು. ತನ್ನ ಮನೆ ನೋಡಿಕೊಂಡು ಬರಬೇಕು, ಜೊತೆಗೆ ಬನ್ನಿ ಎಂದಳು. ಪಾಲು ಇಡೀ ಪಡುವಲ ಭಾಗದ್ದು, ಇಂಥ ಒಂದು ಮನೆಯದ್ದಲ್ಲ ಎಂದು ವಿನುತಾ ಅವಳಿಗೆ ಹಲವು ಸಲ ವಿವರಿಸಿದ್ದಳು. ದೇವೀರಮ್ಮ ತಲೆಯಾಡಿಸಿ, ತನ್ನ ಮನೆಯ ಎದುರಿಗೆ ಬರುವ ಎರಡನೇ ಮಹಡಿಯ ಮನೆಯೇ ತನ್ನದೆಂದು ಇಟ್ಟುಕೊಂಡಿದ್ದಳು. ಅಲ್ಲಿ ಫ್ಲೇವಿಯಾ ಎಂಬ ನರ್ಸ್ ಇದ್ದಳು, ಕರಾವಳಿಯ ಕಡೆಯವಳು. ನನಗೆ ಅಂದು ಬೇರೆ ಕೆಲಸವಿತ್ತು, ಮೆಟ್ಟಿಲಿನ ತನಕ ಹೋಗಿ ಕೆಳಗೇ ನಿಂತೆ.

ಅರ್ಧ ಗಂಟೆಯ ಮೇಲೆ ಇಳಿದು ಬಂದಳು.

“ಹೇಗಿದೆ ನಿಮ್ಮ ಮನೆ?” ಎಂದೆ.

ಅವಳು ಕೊನೆಯ ಮೆಟ್ಟಿಲಲ್ಲಿ ನಿಂತು ಯೋಚಿಸಿ ಹೇಳಿದಳು. “ಗೋಡೆ ಗಟ್ಟಿ ಐತೆ, ತಟ್ಟಿ ನೋಡ್ದೆ. ಬಚ್ಚಲ ನಲ್ಲಿ ತೊಟ್ಟಿಕ್ತಾ ಐತೆ, ನಾಳೆ ವಾಷರು ತಂದು ಹಾಕಿಸ್ತೀನಿ. ಆ ಹುಡುಗಿ ಬಾಲ್ಕನಿ ತುಂಬ ಒಣಮೆಣಸಿನಕಾಯಿ ಹರಡೈತೆ, ಕಂಪನಿ ರೂಲ್ಸಿಗೆ ಆಗಾಕಿಲ್ವಂತೆ. ನನ್ನ ನೋಡಿ ಹೆದರ್ಕೊಂಡು ಎತ್ತಾಕೆ ಹೋಯ್ತು.”

“ನೀವೇನಂದ್ರಿ?”

“ಬಿಸಿಲು ಚೆನ್ನಾಗೈತೆ, ಇನ್ನೆರಡು ದಿನ ಒಣಗ್ಲಿ ಬಿಡವ್ವ ಅಂದೆ” ಎಂದಳು ದೇವೀರಮ್ಮ.